ಪಾಳೇಗಾರ ಹತ್ತಿದ ಗಾಡಿ

8 ಜನವರಿ 1974

ಬೆಳಿಗ್ಗೆ ಹಟ್ಟಿಯಿಂದ ಕುರಿ ಬಿಟ್ಟೆ. ಒಂದು ಕುಂಟುತ್ತಿದೆ. ಗೊರಸಿಗೆ ಬೇವಿನೆಣ್ಣೆ ಹಚ್ಚಿದ್ದಾಯಿತು. ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮಾರಣ್ಣ ಭಾವ ಬಂದ. ಮತ್ತೆ ಗಾಡಿ ಮಾತು.

ನಮ್ಮಕ್ಕ ಈರಕ್ಕನನ್ನು ಅವನಿಗೆ ಕೊಟ್ಟ ವರ್ಷದಿಂದ ನಮ್ಮಿಬ್ಬರದೂ ಕೂಡುವ್ಯಾಪಾರ. ಕುರಿ ಕೊಳ್ಳುವುದು, ಮೇಯಿಸುವುದು, ದುರ್ಗದ ಸಂತೆಯಲ್ಲಿ ಮಾರುವುದು. ನಡೆಸಿಕೊಂಡು ಹೋದರೆ ದಾರಿಯಲ್ಲೇ ಮಾಂಸ ಇಳಿಯುತ್ತದೆ. ಲಾರಿಯವನು ಕರೆದರೆ ಬರುವುದಿಲ್ಲ. ಒಂದು ಸಣ್ಣ ಪಿಕಪ್ ಕೊಳ್ಳೋಣ, ಸೆಕೆಂಡ್ ಹ್ಯಾಂಡ್ ಆದರೂ ಸರಿ ಎಂದು ದೀಪಾವಳಿಯಲ್ಲೇ ತೀರ್ಮಾನ. ಯಾವುದು ಎಂಬುದಷ್ಟೇ ಬಾಕಿ. ಭಾವನಿಗೆ ಅದೂ ಬಾಕಿ ಇಲ್ಲ!

“ಮೂರು ಗಾಲಿ ಟೆಂಪೊ ತಗಳಾಣ ಕಣೋ ತಿಮ್ಮರಾಯಾ. ಹೊಳಲ್ಕೆರೆ ಕಾಟಲಿಂಗಪ್ಪನ ಹತ್ರ ಒಂದೈತೆ. ತಗ್ಗಿನ ಗಾಡಿ. ಕುರಿ ತಾವೇ ಹತ್ತತಾವೆ.”

“ನೀನ್ಯಾವಾಗ ನೋಡ್ದೆ?”

“ಹಿಂಗೇ… ಹೋಗಿದ್ದೆ.”

ಹಿಂಗೇ ಹೋಗುವುದಕ್ಕೆ ಹೊಳಲ್ಕೆರೆ ಏನು ನಮ್ಮ ಹಿತ್ತಲೇ? ದುರ್ಗಕ್ಕೆ ಹೋಗಿ ಬಸ್ ಬದಲಿಸಬೇಕು. ಕಾಟಲಿಂಗಪ್ಪ ಗಾಡಿ ದಲ್ಲಾಳಿ. ದಲ್ಲಾಳಿಯ ಮನೆಗೆ ಒಬ್ಬನೇ ಹೋದವನು ಬರಿಗೈಯಲ್ಲಿ ಬರುವುದಿಲ್ಲ — ಅಜ್ಜ ಹೇಳುತ್ತಿದ್ದ.

13 ಜನವರಿ

ಹೊಸದುರ್ಗ. ಕೊಬ್ಬರಿ ವ್ಯಾಪಾರದ ರೇವಣಸಿದ್ದಪ್ಪನವರ ಜೀಪು ಪಿಕಪ್ ನೋಡಿದೆವು. ಮುಂದೆ ಜೀಪು, ಹಿಂದೆ ತೊಟ್ಟಿ. ಪೆಟ್ರೋಲ್ ರೇಟು ಏರಿದ ಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಾಲ್ಕು ಗಾಲಿಯೂ ಎಳೆಯುತ್ತವೆ. ಹಳ್ಳದ ಮರಳಿಗೆ ಇಳಿಸಿ ತೋರಿಸಿದರು — ಮದವೇರಿದ ಹೋರಿಯ ಹಾಗೆ ಕಿತ್ತುಕೊಂಡು ಬಂತು. ಪಕ್ಕಕ್ಕೆ ಕಂಬಿ. ಗಾಳಿ ಆಡುತ್ತದೆ. ಮನಸ್ಸು ಅಲ್ಲೇ ಕೂತುಬಿಟ್ಟಿತು.

ಭಾವ ಎಂಜಿನ್ ನೋಡಲಿಲ್ಲ. ಗಾಲಿ ನೋಡಲಿಲ್ಲ. ತೊಟ್ಟಿಯ ಪಕ್ಕ ನಿಂತು ಎದೆಗೆ ಕೈಯಿಟ್ಟ.

“ಎದೆಮಟ್ಟ ಐತಲ್ಲೋ! ಇದಕ್ಕೆ ಕುರಿ ಎತ್ತಿ ಹಾಕೋರು ಯಾರು?”

“ಇಷ್ಟು ವರ್ಷ ಲಾರಿಗೆ ಎತ್ತಿ ಹಾಕ್ದೋರು ಯಾರು? ನಿಮ್ಮಪ್ಪನಾ?”

ರೇವಣಸಿದ್ದಪ್ಪನವರು ನಕ್ಕರು. “ಗಾಡಿ ಅಂದ್ಮೇಲೆ ಎತ್ತರ ಇರಬೇಕ್ರಿ. ಹಳ್ಳ ದಾಟಬ್ಯಾಡ್ವಾ?” ಎಂದರು. ಭಾವ ನಗಲಿಲ್ಲ. ಚಹಾ ಕೂಡ ಅರ್ಧ ಬಿಟ್ಟ. ಚಹಾ ಬಿಡುವ ಮನುಷ್ಯನಲ್ಲ ಅವನು.

ಬರುವಾಗ ಬಸ್ಸಿನಲ್ಲಿ ಜೀಪಿನ ಮೇಲೆ ಒಂದೊಂದೇ ದೂರು. ಹೊಗೆ ಹೆಚ್ಚು. ತೊಟ್ಟಿ ಗಿಡ್ಡ. ಬಣ್ಣ ಸರಿಯಿಲ್ಲ. ಕುರಿಗೆ ಬಣ್ಣ ಯಾಕೆ?

22 ಜನವರಿ

ದುರ್ಗದ ಸಂತೆ. ವ್ಯಾಪಾರ ಪರವಾಗಿಲ್ಲ. ಒಂದು ವಿಷಯ ಕಣ್ಣಿಗೆ ಬಿತ್ತು.

ನಮ್ಮಲ್ಲಿ ಕುರಿಯ ಹೊಟ್ಟೆಯಡಿ ಕೈಯಿಟ್ಟು ಎತ್ತಿ ತೂಕ ಹೇಳಬೇಕು. ತೂಕ ಹೇಳಿದವನೇ ಬೆಲೆ ಹೇಳಬೇಕು. ಭಾವ ಇವತ್ತು ಒಂದನ್ನೂ ಎತ್ತಲಿಲ್ಲ. “ನೀನೇ ಎತ್ತೋ, ನಿನ್ನ ಕೈ ಸರಿ” ಎಂದು ಹಿಂದೆ ಸರಿದ. ನೆನೆಸಿಕೊಂಡರೆ ಹೋದ ಸಂತೆಯಲ್ಲೂ ಹಾಗೇ. ತೂಕ ತಪ್ಪಿದರೆ ತಪ್ಪು ನನ್ನದಾಗಲಿ ಎಂದೋ?

ಕೂಡುವ್ಯಾಪಾರ ಶುರು ಮಾಡಿದ ದಿನ ಕಂಬಳಿ ಹಾಸಿ, ಹಟ್ಟಿಯವರ ಮುಂದೆ ಇಬ್ಬರೂ ಕೂತು ಮಾತಾಡಿದ್ದೆವು. ಎತ್ತುವ ತೋಳಿರುವತನಕ ಸರಿಪಾಲು. ತೋಳು ಸೋತವನು ಪಾಲು ಬಿಟ್ಟು ಮನೆಯಲ್ಲಿ ಕೂರಬೇಕು. ಕಂಬಳಿಯ ಮೇಲೆ ಆಡಿದ್ದನ್ನು ನಮ್ಮವರು ಮುರಿಯುವುದಿಲ್ಲ. ಮುರಿಯುವುದಾದರೂ ಕಂಬಳಿ ಹಾಸಿಯೇ ಮುರಿಯಬೇಕು.

ಈ ಮಾತು ಈಗ ಯಾಕೆ ನೆನಪಾಯಿತೋ.

23 ಜನವರಿ

ಕಾಳಕ್ಕನಿಗೆ ಹೇಳಿದೆ. ಜೋಳ ಕೇರುತ್ತಾ ಕೇಳಿಸಿಕೊಂಡಳು.

“ಮಾರಣ್ಣ ಕಮಿಷನ್ ತಿಂತಾನೆ ಅಂತೀಯಾ?”

“ತಿಂತಾನೆ ಅನ್ನಲಿಲ್ಲ. ತಿನ್ನಬೌದು ಅಂದೆ.”

“ಅನುಮಾನ ಅನ್ನೋದು ಕುರಿ ಕಜ್ಜಿ ಇದ್ದಂಗೆ. ಕೆರೆದಷ್ಟೂ ಉಣ್ಣೆ ಉದುರತದೆ. ನಿಂಗೆ ಕೂದಲೂ ಕಮ್ಮಿ ಐತೆ, ನೋಡ್ಕ.”

ಹೆಂಡತಿಗೆ ಹೇಳಬಾರದು.

6 ಫೆಬ್ರವರಿ

ದುರ್ಗದಲ್ಲಿ ಇನ್ನೊಂದು ಗಾಡಿ ನೋಡಿದೆವು. ನಾಲ್ಕು ಗಾಲಿಯ ವ್ಯಾನು, ಸುತ್ತ ತಗಡು, ಮುಂದೆ ದೊಡ್ಡ ಗಾಜು. ಒಳಗೆ ಕೂತು ಬಾಗಿಲು ಹಾಕಿಸಿ ನೋಡಿದೆ. ಬೇಯುತ್ತದೆ. ಕುರಿ ಹಾಕಿದರೆ ಸಂತೆಗೆ ಮುಟ್ಟುವ ಹೊತ್ತಿಗೆ ಸಾರು ಮಾಡಬಹುದು. ಮದುವೆ ದಿಬ್ಬಣಕ್ಕೆ ಚೆನ್ನ. ಅದನ್ನು ಇಬ್ಬರೂ ಒಟ್ಟಿಗೇ ಬೇಡವೆಂದೆವು. ಬಹಳ ದಿನದ ಮೇಲೆ ಇಬ್ಬರ ಬಾಯಲ್ಲೂ ಒಂದೇ ಮಾತು. ಆಮೇಲೆ ಮತ್ತೆ ಟೆಂಪೊ, ಜೀಪು, ಟೆಂಪೊ, ಜೀಪು.

ಕೊನೆಗೆ ಭಾವನೇ ಒಂದು ಉಪಾಯ ತೆಗೆದ.

“ಗಾಡಿ ನಮಗಲ್ಲ, ಕುರಿಗೆ. ಪಾಳೇಗಾರ ಯಾವುದನ್ನ ಹತ್ತತಾನೋ ಅದೇ ತಗಳಾಣ.”

ಪಾಳೇಗಾರ ನಮ್ಮ ಹೋತ. ಹಿಂಡಿನಲ್ಲಿ ಅವನೊಬ್ಬನೇ ಮೇಕೆ ಜಾತಿ, ಮಿಕ್ಕಿದ್ದೆಲ್ಲ ಕುರಿ. ಅವನು ಹಳ್ಳಕ್ಕಿಳಿದರೆ ಎಲ್ಲವೂ ಇಳಿಯುತ್ತವೆ, ಲಾರಿ ಹತ್ತಿದರೆ ಹತ್ತುವುದಕ್ಕೆ ಕುತ್ತಿಗೆ ಚಾಚುತ್ತವೆ. ಯೋಚಿಸಿದೆ. ನ್ಯಾಯವಾಗಿಯೇ ಕಂಡಿತು. ಹೂಂ ಎಂದೆ. ಮನುಷ್ಯರಿಗೆ ಲಂಚ ಕೊಡಬಹುದು, ಹೋತಕ್ಕೆ ಯಾರು ಕೊಡುತ್ತಾರೆ ಎಂದುಕೊಂಡೆ.

26 ಫೆಬ್ರವರಿ, ಸಂಜೆ

ರೊಟ್ಟಿ ಮುಟ್ಟಲಿಲ್ಲ. ಸಿಟ್ಟಿಗೆ.

ದುರ್ಗದ ಸಂತೆ ಬಯಲಲ್ಲಿ ಎರಡೂ ಗಾಡಿ ಪಕ್ಕಪಕ್ಕ ನಿಂತವು. ರೇವಣಸಿದ್ದಪ್ಪನವರು ಕೊಬ್ಬರಿ ಇಳಿಸಿ ಜೀಪು ತಂದಿದ್ದರು. ಕಾಟಲಿಂಗಪ್ಪ ಟೆಂಪೊ ತೊಳೆದು, ಮೂತಿಗೆ ಚೆಂಡುಹೂವು ಸಿಗಿಸಿದ್ದ. ಮುಂದೆ ಒಂದೇ ಗಾಲಿ. ಮೂರು ಕಾಲಿನ ಕರು ತಲೆ ಬಗ್ಗಿಸಿ ನಿಂತ ಹಾಗೆ. ಹಿಂದಿನ ಹಲಗೆ ಬಿಟ್ಟರೆ ಮೊಳಕಾಲಿಗಿಂತ ಚೂರು ಮೇಲೆ, ಅಷ್ಟೇ. ಅದು ಅನುಕೂಲ, ಸುಳ್ಳು ಯಾಕೆ ಹೇಳಬೇಕು. ಸಣ್ಣ ಓಣಿಯಲ್ಲೂ ತಿರುಗುತ್ತದೆ.

ಜನ ಸೇರಿದರು. ಪಾಳೇಗಾರನ ಹಗ್ಗ ಬಿಟ್ಟೆ. ಜೀಪಿನ ಹತ್ತಿರ ಹೋದ. ಮೂಸಿದ. ಗಾಲಿಗೆ ಉಚ್ಚೆ ಹೊಯ್ದ. ತಿರುಗಿ, ಗಡ್ಡ ಎತ್ತಿ, ನೇರ ಟೆಂಪೊ ಹತ್ತಿ ಮೂಲೆಗೆ ಹೋಗಿ ನಿಂತ. ಸಂತೆಗೆ ಸಂತೆಯೇ ನಕ್ಕಿತು.

“ಪಾಳೇಗಾರರ ಅಪ್ಪಣೆ ಆತು ಕಣ್ರಪ್ಪಾ!” ಎಂದ ಕಾಟಲಿಂಗಪ್ಪ.

ಮಾರದೆ ಉಳಿದ ಕುರಿಗಳನ್ನು ಅದರಲ್ಲೇ ತುಂಬಿ ಊರಿಗೆ ಹೊರಟೆವು, ಟ್ರಯಲ್ ಎಂದು. ಒಂದು ತಿರುವಿನಲ್ಲಿ ಪಾಳೇಗಾರ ಎಡಕ್ಕೆ ವಾಲಿದ. ಅವನ ಹಿಂದೆ ಎಲ್ಲವೂ ಎಡಕ್ಕೆ. ಗಾಡಿ ಒಂದು ಕಡೆ ಎದ್ದೇ ಬಿಟ್ಟಿತು! ನಾವು ಗೊತ್ತು ಮಾಡಿಕೊಂಡ ಡ್ರೈವರ್ ಚಿತ್ತಪ್ಪ “ಅಯ್ಯೋ ನಮ್ಮವ್ವಾ” ಎಂದು ಬ್ರೇಕ್ ಒತ್ತಿದ. ನಾನು ಬಲಕ್ಕೆ ಜೋತುಬಿದ್ದೆ. ಹೇಗೋ ಕೂತುಕೊಂಡಿತು. ಕುರಿ ಎಂದರೆ ತೆಂಗಿನಕಾಯಿ ಅಲ್ಲವಲ್ಲ, ಇಟ್ಟ ಕಡೆ ಇರುವುದಿಲ್ಲ.

ಊರಲ್ಲಿ ಕುರಿ ಇಳಿಸಿದ ಮೇಲೆ ತೊಟ್ಟಿ ಗುಡಿಸಿದೆ. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಜಾಲಿಕಾಯಿ. ಜಗಿದ ಸಿಪ್ಪೆ, ಜಗಿಯದ ಕಾಯಿ. ಪಾಳೇಗಾರ ಜಾಲಿಕಾಯಿಗೆ ಪ್ರಾಣ ಬಿಡುತ್ತಾನೆ ಎಂದು ಕಾಟಲಿಂಗಪ್ಪನಿಗೆ ಹೇಗೆ ಗೊತ್ತು? ಭಾವ ಜಗುಲಿಯ ಮೇಲೆ ಕಂಬಳಿ ಕೊಡವಿದ. ಮಡಿಕೆಯಿಂದ ಎರಡು ಕಾಯಿ ಉದುರಿದವು. ಕಾಲಲ್ಲಿ ಅತ್ತ ಸರಿಸಿದ. ನಾನು ನೋಡಿದ್ದನ್ನು ಅವನು ನೋಡಲಿಲ್ಲ.

ಹೋತಕ್ಕೂ ಲಂಚ.

27 ಫೆಬ್ರವರಿ

ಭಾವನನ್ನು ಮಾತಾಡಿಸಲಿಲ್ಲ.

28 ಫೆಬ್ರವರಿ

ಈರಕ್ಕ ಒಬ್ಬಟ್ಟು ಕಳಿಸಿದ್ದಳು. ತಿಂದೆ. ಒಬ್ಬಟ್ಟಿನದೇನು ತಪ್ಪು. ಆದರೆ ಹುಣ್ಣಿಮೆ ಕಳೆದ ಮೇಲೆ ಕಂಬಳಿ ಹಾಸಿಸುತ್ತೇನೆ. ಹಟ್ಟಿಯವರ ಮುಂದೆ ಕೇಳಿ, ಕೂಡುವ್ಯಾಪಾರ ಮುರಿಯುತ್ತೇನೆ. ಕಮಿಷನ್ನಿನ ಸಾಕ್ಷಿ ಒಂದು ಬೇಕು. ಜಾಲಿಕಾಯಿ ಒಂದೇ ಸಾಲದು.

11 ಮಾರ್ಚ್

ಭಾವ ಇವತ್ತು ಮತ್ತೆ ಹೊಳಲ್ಕೆರೆಗೆ. “ಬೀಗರ ಮನೆಗೆ” ಎಂದನಂತೆ ಈರಕ್ಕನಿಗೆ. ಹೊಳಲ್ಕೆರೆಯಲ್ಲಿ ಯಾವ ಬೀಗರು? ಹಿಂದೆಯೇ ಹೋದೆ. ಬಸ್ಸಿನ ಹಿಂದಿನ ಸೀಟು, ತಲೆಗೆ ಕಂಬಳಿಯ ಕೊಪ್ಪೆ. ಈ ಬಿಸಿಲಿಗೆ! ಪಕ್ಕದ ಹೆಂಗಸು “ಜ್ವರನೇನಪ್ಪಾ?” ಎಂದು ಮಗುವನ್ನು ಆಚೆ ಎಳೆದುಕೊಂಡಳು.

ಹೊಳಲ್ಕೆರೆಯಲ್ಲಿ ಇಳಿದ. ಕಾಟಲಿಂಗಪ್ಪನ ಮನೆ ಬಂತು. ಈಗ ಸಿಕ್ಕಿಬಿದ್ದ ಎಂದುಕೊಂಡೆ.

ಮುಂದೆ ಹೋದ.

ಓಣಿಯ ತುದಿಯಲ್ಲಿ ಒಂದು ಹೆಂಚಿನ ಮನೆ. ಬಾಗಿಲಲ್ಲಿ ಉಳುಕಿದ ಕೈ ಹಿಡಿದುಕೊಂಡ ಒಬ್ಬ, ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡ ಒಬ್ಬ. ಕೇಳಿದೆ. ಮೂಳೆ ಕೂರಿಸುವ ಬರಗೇರಮ್ಮನ ಮನೆ ಎಂದರು. ಪಕ್ಕದ ಕಿಟಕಿಯ ಹತ್ತಿರ ನಿಂತೆ.

ಭಾವ ಚಾಪೆಯ ಮೇಲೆ ಬೋರಲು ಮಲಗಿದ್ದ. ಮುದುಕಿ ಹಿಮ್ಮಡಿಯಿಂದ ಅವನ ಬೆನ್ನು ಒತ್ತುತ್ತಿದ್ದಳು. ಸಂತೆಯಲ್ಲಿ ಟಗರು ಗುಮ್ಮಿದರೂ ಕಮಕ್ ಕಿಮಕ್ ಎನ್ನದವನು ಹಲ್ಲಿಂದ ಕಂಬಳಿ ಕಚ್ಚಿದ್ದ.

“ಎಷ್ಟು ಸಲ ಹೇಳೋದಪ್ಪಾ? ಕುರಿ ಇರ್ಲಿ, ಮರಿನೂ ಎತ್ತಬ್ಯಾಡ. ಎತ್ತಿದ್ರೆ ಎದ್ದು ತಿರುಗಾಡಲ್ಲ ನೀನು. ಕೂಡ ಇರೋರಿಗಾದ್ರೂ ಹೇಳು.”

“ಹೇಳಿದ್ರೆ ನನ್ನ ಪಾಲು ಹೋತದಜ್ಜೀ. ಕಂಬಳಿ ಮೇಲಿನ ಮಾತು. ತಗ್ಗಿನ ಗಾಡಿ ಒಂದು ಬರ್ಲಿ. ಯಾರಿಗೂ ಗೊತ್ತಾಗದಂಗೆ ನಡೆಸ್ಕಂಡು ಹೋತೀನಿ.”

“ನಿನ್ನ ಬಾಮೈದ ಅಷ್ಟು ಕೆಟ್ಟೋನೇನು?”

ಭಾವ ಕಂಬಳಿಯನ್ನು ಇನ್ನೊಮ್ಮೆ ಕಚ್ಚಿ ಬಿಟ್ಟ.

“ಕೆಟ್ಟೋನಲ್ಲ. ಅನುಮಾನದೋನು.”

ಬಂದೆ.

15 ಮಾರ್ಚ್

ಕುರಿ ಬಿಟ್ಟೆ. ರೊಟ್ಟಿ ತಿಂದೆ.

19 ಮಾರ್ಚ್

ಹೇಳಿಬಿಟ್ಟರೆ? “ಭಾವ, ನಂಗೆ ಗೊತ್ತೈತೆ, ಪಾಲು ಇಟ್ಕ” ಎಂದರೆ? ಇಟ್ಟುಕೊಳ್ಳುವುದಿಲ್ಲ. ದಾನ ಎಂದು ತಿಳಿದು ಮನೆಯಲ್ಲಿ ಕೂರುತ್ತಾನೆ. ಕೂತ ಮೂರು ತಿಂಗಳಿಗೆ ಸಾಯುತ್ತಾನೆ. ಅವನನ್ನು ನಾನು ಬಲ್ಲೆ.

ಟೆಂಪೊ ಕೊಂಡರೆ? ಆ ತಿರುವು ಇದ್ದೇ ಇದೆ. ಪಾಳೇಗಾರ ಇನ್ನೊಮ್ಮೆ ಎಡಕ್ಕೆ ವಾಲಿದರೆ ಭಾವನ ಬೆನ್ನಷ್ಟೇ ಅಲ್ಲ, ಎಲ್ಲರದೂ ಮುಗಿಯಿತು.

ಸಂಜೆ ಹಟ್ಟಿಯ ಬೇಲಿಯ ಹತ್ತಿರ ಕೂತಿದ್ದೆ. ಪಾಳೇಗಾರ ಅಲ್ಲಿ ಒರಗಿಸಿದ್ದ ಹಳೆಯ ಬಾಗಿಲು ಹಲಗೆಯ ಮೇಲೆ ನಡೆದು ಹುಲ್ಲಿನ ಬಣವೆ ಹತ್ತಿದ. ಅವನ ಹಿಂದೆ ಕುರಿಗಳೂ ಹತ್ತಿದವು. ಬೈಯಲಿಲ್ಲ. ನೋಡುತ್ತಾ ಕೂತೆ.

22 ಮಾರ್ಚ್

ಕಂಬಳಿ ಹಾಸಿಸಿದೆ. ಹಟ್ಟಿಯವರು ಕೂತರು. ಭಾವ ಎದುರಿಗೆ. ಗೋಡೆಗೆ ಒರಗಿ, ನಿಧಾನಕ್ಕೆ ಕೂತ. ಹೀಗೆ ಕೂರುವುದನ್ನು ಎಷ್ಟು ದಿನದಿಂದ ನೋಡಿದ್ದೇನೆ!

“ಪಾಳೇಗಾರ ಹತ್ತಿದ್ದು ಟೆಂಪೊ. ಮಾತು ಮಾತೇ” ಎಂದು ಅವನೇ ಶುರು ಮಾಡಿದ.

“ಮಾತು ಇರ್ಲಿ ಭಾವ. ಅದಕ್ಕೂ ಮುಂಚೆ ಒಂದೈತೆ. ನನ್ನ ಸೊಂಟ ಬಿದ್ದೈತೆ. ಇನ್ನು ಕುರಿ ಎತ್ತಕ್ಕಾಗಲ್ಲ.”

ಒಳಗಿಂದ ಕಾಳಕ್ಕ ಬಂದಳು.

“ಯಾವಾಗ ಬಿತ್ತು? ಬೆಳಿಗ್ಗೆ ಜೋಳದ ಚೀಲ ಹೊತ್ಕಂಡು ಬಂದ್ಯಲ್ಲ!”

“ಆಗ್ಲೇ ಬಿತ್ತು. ಒಳಗೆ ನಡಿ.”

ಭಾವನ ಕಡೆ ತಿರುಗಿದೆ. “ತೋಳು ಸೋತೋನು ಪಾಲು ಬಿಡಬೇಕು. ಇದೇ ಕಂಬಳಿ ಮೇಲೆ ಆಡಿದ್ದು. ನೀನೇ ಹೇಳು, ಬಿಡ್ಲಾ?”

ಬಹಳ ಹೊತ್ತು ನನ್ನನ್ನೇ ನೋಡಿದ. ಬಿಡು ಎಂದುಬಿಟ್ಟರೆ? ಇವತ್ತು ಎದ್ದ ಅನುಮಾನ ಅದೊಂದೇ.

“ಲೇ ತಿಮ್ಮರಾಯಾ, ಜೀಪಿಗೆ ಹಿಂದೆ ಹಲಗೆ ಹಾಕಿದ್ರೆ ಕುರಿ ಹತ್ತಲ್ವೇನೋ?”

“ಹತ್ತತಾವೆ. ಪಾಳೇಗಾರ ಮುಂದೆ ನಡೆದ್ರೆ.”

“ಕುರಿ ತೂಕ ಸೊಂಟ ಹಿಡಿದು ನೋಡಿದ್ರೂ ತಿಳೀತದೆ. ನಾನು ಹಂಗೇ ನೋಡಿ ಹೇಳತೀನಿ. ಹಲಗೆನೂ ತೋಳೇ ಕಣೋ. ಪಾಲು ಗೀಲು ಬಿಡೋ ಮಾತು ಎತ್ತಬ್ಯಾಡ.” ಆಮೇಲೆ ಹಟ್ಟಿಯವರಿಗೆ ಕೇಳಿಸುವ ಹಾಗೆ, “ಇಬ್ರಿಗೂ. ಯಾರ ತೋಳು ಸೋತ್ರೂ.”

ಹಟ್ಟಿಯವರು ಹೂಂ ಎಂದರು. ಕಂಬಳಿ ಮಡಿಸಿದರು.

ಪಾಳೇಗಾರ ಹತ್ತಿದ ಟೆಂಪೊ ಏನಾಯಿತು ಎಂದು ಯಾರೂ ಕೇಳಲಿಲ್ಲ. ಜಾಲಿಕಾಯಿಯ ಮಾತು ನಾನೂ ಎತ್ತಲಿಲ್ಲ.

2 ಏಪ್ರಿಲ್

ಜೀಪು ಬಂತು. ಹಲಗೆಗೆ ಅಡ್ಡಪಟ್ಟಿ ಹೊಡೆಸಿದ್ದೇವೆ, ಗೊರಸು ಜಾರದ ಹಾಗೆ. ಹಲಗೆ ಇಡುವುದಕ್ಕೆ ಚಿತ್ತಪ್ಪ ಇದ್ದಾನೆ. ಪಾಳೇಗಾರ ಮೊದಲು ಹತ್ತಿದ. ಜಾಲಿಕಾಯಿ ಹಾಕಿದ್ದು ನಾನು.

ಭಾವ ನನ್ನನ್ನು ಓರೆಗಣ್ಣಿಂದ ನೋಡುತ್ತಿದ್ದಾನೆ. ಬಾವಿಯಲ್ಲಿ ನೀರು ಸೇದಿದರೆ ನೋಡುತ್ತಾನೆ. ಬಗ್ಗಿ ಚಪ್ಪಲಿ ಹಾಕಿಕೊಂಡರೆ ನೋಡುತ್ತಾನೆ. ಇವತ್ತು ಕೇಳಿಯೇ ಬಿಟ್ಟ. “ಜೀಪೇ ಬೇಕು ಅಂತ ಹಟ ಹಿಡಿದ್ಯಲ್ಲ, ರೇವಣಸಿದ್ದಪ್ಪ ನಿಂಗೇನಾದ್ರೂ…?”

ನಗು ತಡೆಯುವುದು ಕಷ್ಟವಾಯಿತು. ಸೊಂಟ ಹಿಡಿದು ನರಳಿದೆ.

4 ಏಪ್ರಿಲ್, ಬೆಳಿಗ್ಗೆ

ನಿನ್ನೆ ಭಾವ ಹಿತ್ತಲಿಗೆ ಕರೆದುಕೊಂಡು ಹೋಗಿ, ಆಚೀಚೆ ನೋಡಿ, ಕಿವಿಯ ಹತ್ತಿರ ಹೇಳಿದ. “ಹೊಳಲ್ಕೆರೇಲಿ ಒಬ್ಬಳು ಅಜ್ಜಿ ಅವಳೆ. ಬೆನ್ನಿಗೆ ಕೈಯಿಟ್ರೆ ಸಾಕು, ಏನಾಗೈತೆ ಅಂತ ಹೇಳತಾಳೆ. ಯಾರಿಗೂ ಗೊತ್ತಾಗದಂಗೆ ನಾಳೆ ಹೋಗಾಣ. ಜೀಪಲ್ಲೇ.”

ಬೇಡ ಎಂದೆ. ಕೇಳಲಿಲ್ಲ. ಈರಕ್ಕನ ಮೇಲೆ ಆಣೆ ಇಟ್ಟ.

ಕೈಯಿಟ್ಟರೆ ಸಾಕಂತೆ. ಕಲ್ಲಿನಂಥ ಬೆನ್ನು ನನ್ನದು. ಆ ಕಿಟಕಿಯ ಹತ್ತಿರ ನನ್ನನ್ನು ಯಾರಾದರೂ ಕಂಡಿದ್ದರೆ ಅದು ಬೇರೆ…

ಜೀಪು ಬಂದು ನಿಂತಿದೆ. ಭಾವ ಒಳಗೆ ಕೂತು ಹಾರ್ನ್ ಒತ್ತುತ್ತಿದ್ದಾನೆ. ಬಾಗಿಲಿಂದ ಜೀಪಿನತನಕ ಕುಂಟಿಕೊಂಡು ಹೋಗಬೇಕು. ಯಾವ ಕಡೆಯ ಸೊಂಟ ಎಂದಿದ್ದೆ, ಎಡವೋ ಬಲ—