ಮಲಗಿ, ಒಂದು ಚುಕ್ಕಿ, ಕೋ

ಮಾರ್ಚ್ ೯, ಭಾನುವಾರ
ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ನಾನು ಕ್ಷೇಮ; ನಿನಗೆ ಉತ್ತರ ಬರೆಯುವ ನನ್ನ ಶ್ರದ್ಧೆಯೊಂದೇ ಹಾಸಿಗೆ ಹಿಡಿದಿತ್ತು. ತಪ್ಪು ದಿಂಬುಗಳದ್ದು. ಬರೆಯಲು ಕುಳಿತಾಗಲೆಲ್ಲ ಒರಗಲು ಒಂದು ಕೈಗೆ ಸಿಗುತ್ತದೆ, ಆಮೇಲಿನದು ನೆನಪಿರುವುದಿಲ್ಲ.

ಹೌದು, ದಿಂಬು ಹೊಲಿದು ಮಾರುವ ಉದ್ಯೋಗ ಹೂಡಿದ್ದೇನೆ. ಮುಂದಿನ ಕೋಣೆಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತವೆ. ನಮ್ಮವರು ಚಹಾ ಲೋಟಕ್ಕೆ ಅಂಗೈ ಮುಚ್ಚಿಕೊಂಡು ಓಡಾಡುತ್ತಾರೆ. ಅಂಗಡಿಗೆ 'ಮಲಗಿ' ಎಂದು ಹೆಸರಿಟ್ಟೆವು. ಗಿರಾಕಿಗಳಿಗೆ ಸಲ್ಲಬೇಕಾದ ಬಹುವಚನ.

ಉಳಿದದ್ದು ಇಂಟರ್ನೆಟ್ ವಿಳಾಸದ ಬಾಲ. ವೆಬ್‌ಸೈಟ್ ಮಾಡಿಕೊಡುವಾಕೆ ಎಕ್ಸ್‌ರೇ ನೋಡುವ ಡಾಕ್ಟರ ಗಾಂಭೀರ್ಯದಿಂದ ವಿವರಿಸಿದರು. ಡಾಟ್ ಕಾಂ ಆಗಲೇ ಯಾರದೋ ಪಾಲಾಗಿದೆಯಂತೆ. ಡಾಟ್ ನೆಟ್ ಇಟ್ಟರೆ ಜನ ಸೊಳ್ಳೆಪರದೆ ಕೇಳಿಕೊಂಡು ಬರುತ್ತಾರೆಂದು ನಮ್ಮವರು ತಳ್ಳಿಹಾಕಿದರು. ಡಾಟ್ ಬಿಜ್ ಎಂದೊಡನೆ ಸೊಳ್ಳೆಯೇ ಬಂದಂತಾಯಿತು. ಕೊನೆಗೆ ಆಕೆ ಡಾಟ್ ಕೋ ಸೇರಿಸಿ ತೋರಿಸಿದರು.

ಮಲಗಿ. ಒಂದು ಚುಕ್ಕಿ. ಕೋ.

ಓದುತ್ತಲೇ ನನಗೆ ರೆಪ್ಪೆ ಭಾರವಾಯಿತು. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಒಂದೇ ಮಂಚ. ನೀನು ನನ್ನ ದಿಂಬನ್ನು ಗುದ್ದಿ, ತಣ್ಣನೆಯ ಮಗ್ಗುಲನ್ನು ಮೇಲೆ ಮಾಡಿ, "ಸಾಕು ನಿನ್ನ ಪುರಾಣ, ಮಲಗಿಕೋ" ಎನ್ನುತ್ತಿದ್ದೆ. ಆ ಚುಕ್ಕಿಯ ಜಾಗದಲ್ಲಿ ನಿನಗೆ ಸರಿಯಾಗಿ ಒಂದು ಆಕಳಿಕೆ ಬರುತ್ತಿತ್ತು.

ನಮ್ಮವರು ಹೌಹಾರಿದರು. "ಗಿರಾಕಿಗೆ ಏಕವಚನಾನಾ? ದುಡ್ಡು ಕೊಟ್ಟು ಬೈಸ್ಕೊಳ್ಳೋಕೆ ಯಾರು ಬರ್ತಾರೆ?"

"ಮರ್ಯಾದೆ ಕೊಡೋ ಎಕ್ಸ್‌ಟೆನ್ಷನ್ ಇನ್ನೂ ಬಂದಿಲ್ಲ ಸಾರ್," ಎಂದರು ಆಕೆ, ನಗದೆ.

ದಿಂಬು ಒಯ್ಯಲು ಬಂದಿದ್ದ ನಿವೃತ್ತ ನ್ಯಾಯಾಧೀಶರ ಮುಂದೆ ದಾವೆ ಹೂಡಿದೆವು. ಅವರು ದಿಂಬನ್ನು ಕೆನ್ನೆಗೊತ್ತಿಕೊಂಡರು. "ನನಗೆ ಹಾಗನ್ನೋರು ಯಾರೂ ಉಳಿದಿಲ್ಲಮ್ಮ. ಅದನ್ನೇ ಇಡಿ," ಎಂದರು.

ಆದರೆ ಮಾತು ನಿನ್ನದು, ಅಕ್ಕಾ. ನೀನು ಹೂಂ ಎನ್ನದೆ ಅದನ್ನು ಬೋರ್ಡಿಗೆ ಏರಿಸಲಾರೆ. ಅಲ್ಲಿಯತನಕ ನಮ್ಮ ಅಂಗಡಿಗೆ ಬಾಲವಿಲ್ಲ, ವಿಳಾಸವಿಲ್ಲ, ವ್ಯಾಪಾರವೂ ಇಲ್ಲ.

ಮಕ್ಕಳಿಗೆ ಆಶೀರ್ವಾದ. ಅವರಿಗೆ ಬೇಗ ನಿದ್ದೆ ಬರಲಿ, ನಿನಗೆ ಅದಕ್ಕಿಂತ ಬೇಗ.

ನಿನ್ನ
ತೂಕಡಿಕೆ ತಂಗಿ

ತಾ.ಕ.: ಅಮ್ಮನ ಕೋಣೆ ಖಾಲಿ ಮಾಡುವಾಗ ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು, ನಿಜ. ಅದಾದ ಮೇಲೆ ಬಂದ ನಿನ್ನ ಪತ್ರದಲ್ಲಿ "ನೀವು ಕ್ಷೇಮವೆಂದು ನಂಬಿದ್ದೇನೆ" ಎಂದಿದೆ. ನನಗೆ, ನೀವು. ಅಲ್ಲಿಂದ ಮುಂದಕ್ಕೆ ನನಗೆ ಓದಲಾಗಲಿಲ್ಲ. ಹೆಸರಿಗೆ ಒಪ್ಪಿಗೆ ಇಲ್ಲದಿದ್ದರೆ ಬೇಸರವಿಲ್ಲ, ಅಕ್ಕಾ. "ಬೇಡ ಕಣೇ" ಎಂದು ಬರಿ.