ಅತ್ತೆಯ ಹುಣ್ಣು ವಾಸಿಯಾದ ಅಪರಾಧಕ್ಕೆ

ಗಾಳಿಹಾಸಿಗೆ ಮಂಜೂರು ಮಾಡುವ, ಅಥವಾ ಮಾಡದಿರುವ, ಅಧಿಕಾರಿಗಳಿಗೆ

ಮಾನ್ಯರೇ,

ನನ್ನ ಅತ್ತೆಯವರ ಬೆನ್ನ ಬುಡದ ಒತ್ತುಹುಣ್ಣು ವಾಸಿಯಾಗಿದೆ ಎಂಬ ಒಂದೇ ಕಾರಣಕ್ಕೆ ತಾವು ನಮ್ಮ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಅದು ತಾನಾಗಿಯೇ ವಾಸಿಯಾಗಲಿಲ್ಲ. ಈ ಅಪರಾಧದಲ್ಲಿ ನನ್ನ ಕೈವಾಡವಿದೆ ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ.

ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಕಿಟಕಿಯ ಪರದೆ ಬದಲಿಸಲು ಕುರ್ಚಿ ಹತ್ತಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡರು. ಮಲಗಿದಲ್ಲೇ ಮಲಗಿ ಮೂರನೇ ವಾರಕ್ಕೆ ಚರ್ಮ ಕೆಂಪಾಯಿತು, ನಾಲ್ಕನೇ ವಾರಕ್ಕೆ ಒಡೆಯಿತು. ಮೈಭಾರ ಒಂದೇ ಕಡೆ ಒತ್ತದಂತೆ ಕಾಯುವ ಗಾಳಿಹಾಸಿಗೆ ಕೇಳಲು ಅಂದೇ ತಮ್ಮ ಕಚೇರಿಗೆ ಓಡಿದೆ.

"ಪೇಷೆಂಟನ್ನ ಕರ್ಕೊಂಡ್ ಬನ್ನಿ. ನೋಡ್ದೇ ಕೊಡೋ ಹಾಗಿಲ್ಲ" ಎಂದರು ಗುಮಾಸ್ತರು.

"ಏಳಕ್ಕಾಗಲ್ಲ ಅಂತಾನೇ ಸ್ವಾಮಿ, ಹಾಸಿಗೆ ಕೇಳ್ತಿರೋದು."

"ಹಾಗಾದ್ರೆ ಏಳಕ್ಕಾಗಲ್ಲ ಅಂತ ಅವರೇ ಬಂದು ಬರ್ಕೊಡ್ಲಿ."

ಬಹಳ ಕಾಡಿದ ಮೇಲೆ, ಮನೆಗೇ ಬಂದು ತಪಾಸಣೆ ಮಾಡುವುದಾಗಿ ತಿಳಿಸಿದಿರಿ. ಎಂದು ಬರುತ್ತೀರೆಂದು ಮಾತ್ರ ತಿಳಿಸಲಿಲ್ಲ. ಹುಣ್ಣು ತಮ್ಮ ಬಿಡುವು ನೋಡಿಕೊಂಡು ಬೆಳೆಯುತ್ತದೆಯೇ?

ಅಷ್ಟರಲ್ಲಿ ಮನೆಗೆ ಬಂದು ಹೋಗುವ ನರ್ಸಮ್ಮ ನನ್ನನ್ನು ಕೂರಿಸಿ ಹೇಳಿದರು: "ಎರಡೆರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸಿ. ಎಳೀಬೇಡಿ, ಎತ್ತಿ. ಹಿಮ್ಮಡಿ ಹಾಸಿಗೆಗೆ ತಾಗಬಾರದು." ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಒಂದು ತೋಳು ಹೊಲಿಯುವುದು, ಅತ್ತೆಯನ್ನು ತಿರುಗಿಸುವುದು, ಇನ್ನೊಂದು ತೋಳು. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಮುಖ ತಿರುಗಿಸಿಕೊಂಡೇ ಬದುಕಿದವರು. ದಿನಕ್ಕೆ ಹನ್ನೆರಡು ಸಲ ತಬ್ಬಿ ಎತ್ತಬೇಕಾದಾಗ ಮುನಿಸನ್ನು ಎಲ್ಲಿ ಇಟ್ಟುಕೊಳ್ಳುವುದು, ಮಾನ್ಯರೇ?

ಗಾಯ ತೊಳೆದು ಪಟ್ಟಿ ಕಟ್ಟುವಾಗಲೆಲ್ಲ ಅತ್ತೆ ದಿಂಬಿನೊಳಗಿಂದ ಕೇಳುವರು: "ಅಗಲ ಎಷ್ಟು?"

"ನಾಲ್ಕು ಸೆಂಟಿಮೀಟರ್."

"ಮೊನ್ನೇನೂ ನಾಲ್ಕೇ. ಫೇಲು."

ಎರಡನೇ ತಿಂಗಳು ಕೀವಾಗಿ ಜ್ವರ ಬಂತು. ಸತ್ತ ಮಾಂಸವನ್ನು ಕತ್ತರಿಸಿ ತೆಗೆದ ವೈದ್ಯರು, ಸೋಂಕು ಮೂಳೆಗಿಳಿದರೆ ಕಷ್ಟ ಎಂದರು. ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೊರಗೆ ಬಂದರೆ ಅತ್ತೆ, "ಅತ್ತಿದ್ದು ಸಾಕು ಕಣೇ. ಬಾ, ಎಡಕ್ಕೆ ತಿರುಗಿಸು. ಐದು ನಿಮಿಷ ಲೇಟಾಗಿದೆ" ಎಂದರು. ಅಂದು ಅವರ ಕೈ ನನ್ನ ಕೈಯನ್ನು ಬಿಡಲಿಲ್ಲ.

ಜ್ವರ ಇಳಿಯಿತು. ಗಾಯದ ತಳದಲ್ಲಿ ಕೆಂಪು ಹೊಸ ಮಾಂಸ ಕಂಡಿತು. ಮೂರು, ಎರಡು, ಒಂದು. ಐದನೇ ತಿಂಗಳಿಗೆ ಗುಲಾಬಿ ಬಣ್ಣದ ತೆಳು ಚರ್ಮ. ಅದಾಗಿ ಒಂಬತ್ತನೇ ದಿನ ತಮ್ಮ ತಪಾಸಣಾಧಿಕಾರಿ ದಯಮಾಡಿಸಿದರು.

"ಹುಣ್ಣು ಎಲ್ರೀ?"

"ವಾಸಿ ಆಯ್ತಪ್ಪಾ" ಎಂದರು ಅತ್ತೆ. "ನೀನು ಬರ್ತೀಯ ಅಂತ ಗೊತ್ತಿದ್ರೆ ಸ್ವಲ್ಪ ಉಳಿಸಿಡ್ತಿದ್ವಿ."

ಅವರು ನಗಲಿಲ್ಲ. 'ಹುಣ್ಣು ಇಲ್ಲ' ಎಂದು ಬರೆದುಕೊಂಡು ಹೋದರು.

ಮಾನ್ಯರೇ, ಹೊಸ ಚರ್ಮ ಹಾಲಿನ ಕೆನೆಯಷ್ಟು ತೆಳು. ಅತ್ತೆ ಇನ್ನೂ ಮಲಗಿಯೇ ಇದ್ದಾರೆ. ಹಾಸಿಗೆ ಬೇಕಾಗಿರುವುದು ಹುಣ್ಣು ಬಾರದಿರಲೆಂದು. ಬಂದ ಹುಣ್ಣಿಗೆ ಬಹುಮಾನವಾಗಿ ಅಲ್ಲ. ಮಲಗಿದವರೆಲ್ಲರಿಗೂ ಚರ್ಮ ಒಡೆಯುವ ಮೊದಲೇ ಗಾಳಿಹಾಸಿಗೆ ಸಿಗುವಂತೆ ನಿಯಮ ಬದಲಿಸಿ. ನಮ್ಮದನ್ನು ಈ ವಾರವೇ ಕಳುಹಿಸಿ. ವಾದಿಸಲು ಇನ್ನೂ ಬಹಳವಿದೆ. ಆದರೆ ಬಲಮಗ್ಗುಲಿನ ಹೊತ್ತಾಯಿತು, ಒಳಗಿಂದ ಕರೆ ಬರುತ್ತಿದೆ.

ಇಂತಿ,
ಎತ್ತಿ ಎತ್ತಿ ಈಗ ತನ್ನ ಸೊಂಟವನ್ನೇ ಹಿಡಿದುಕೊಂಡು ನಡೆಯುತ್ತಿರುವ
ಸೊಸೆ