ಅಪ್ಪಾಜಿಯ ಶಾಲು, ಅಮೆರಿಕದ ಕರಡಿ

ಚಾಮರಾಜಪುರಂ, ಮೈಸೂರು
ಜುಲೈ 2003

ಅಪ್ಪಾಜಿ,

ಕರಡಿ ನೋಡಿ ಬಂದೆ. ನೀವು ಬದುಕಿದ್ದರೆ ಬೈಯುತ್ತಿದ್ದಿರಿ, ಅದಕ್ಕೇ ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಪ್ರತಿ ಬೇಸಿಗೆ ತಮ್ಮ ನಾಗಾರ್ಜುನನನ್ನು ಬಂಡೀಪುರಕ್ಕೆ ಕರೆದೊಯ್ಯುವಾಗ ನನಗೆ ಹೇಳುತ್ತಿದ್ದಿರಲ್ಲ, "ಹೆಣ್ಮಗು ಕಣಮ್ಮ ನೀನು, ಕರಡಿ ಗಿರಡಿ ಬಂದ್ಬುಟ್ರೆ ಏನ್ ಮಾಡ್ತೀಯ? ಮನೇಲಿರು" ಅಂತ. ಹೋದ ವಾರ ಅಮೆರಿಕದ ಯೆಲ್ಲೋಸ್ಟೋನ್ ಕಾಡಿನಲ್ಲಿ ಒಬ್ಬಳೇ ಟೆಂಟ್ ಹಾಕಿ ಮಲಗಿದ್ದೆ. ಅಲ್ಲಿ ಕಾಡು ಕಾಯುವ ಗಾರ್ಡ್ ಕೂಡ ಹೆಂಗಸೇ!

ವಾಸನೆಗೆ ಕರಡಿ ಬರುತ್ತದೆಂದು ಅಲ್ಲಿ ತಿಂಡಿಯನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಭದ್ರವಾಗಿ ಮುಚ್ಚಬೇಕು. ಚಕ್ಕುಲಿ, ಪುಳಿಯೋಗರೆ ಗೊಜ್ಜು ಎಲ್ಲ ಇಟ್ಟೆ. ಆದರೂ ಆ ಗಾರ್ಡ್ ಟೆಂಟಿನೊಳಗೆ ಬಗ್ಗಿ ಮೂಸಿ, ಹೊದೆಯಲು ನಾನು ಮನೆಯಿಂದ ಒಯ್ದಿದ್ದ ನಿಮ್ಮ ಶಾಲನ್ನು ಎತ್ತಿ ಹಿಡಿದಳು. ಟ್ರಂಕಿನಲ್ಲಿ ಅಮ್ಮ ಅದರ ಮಡಿಕೆಯೊಳಗೆ ಗಂಧದ ಸೋಪು ಇಟ್ಟಿದ್ದರಲ್ಲ, ಆ ಘಮ ಹೋಗಿರಲಿಲ್ಲ. ಶಾಲೂ ಪೆಟ್ಟಿಗೆ ಸೇರಿತು. ರಾತ್ರಿಯೆಲ್ಲ ನಡುಗಿದೆ, ಚಳಿಗೆ. ಹೆದರಿಕೆಗಲ್ಲ.

ಬೆಳಿಗ್ಗೆ ತಾಯಿ ಕರಡಿಯೊಂದು ಮರಿಗಳ ಜೊತೆ ದೂರದ ಹುಲ್ಲುಗಾವಲು ದಾಟಿತು. ಅಲುಗಾಡದೆ ನಿಂತು ನೋಡಿದೆ.

"ಅಷ್ಟ್ ದೂರ ಆ ಹಳೇ ಶಾಲು ಯಾಕೆ ಹೊತ್ಕೊಂಡ್ ಹೋದೆ?" ಎಂದು ನಾನು ಮನೆಗೆ ಬಂದ ಮೇಲೆ ಅಮ್ಮ ಕೇಳಿದರು. ಶಾಲನ್ನು ಮಡಿಸಿ ಮತ್ತೆ ಟ್ರಂಕಿನಲ್ಲಿಟ್ಟೆ.

ಕಾಡಿಗೆ ಹೋಗುವಾಗ ನಾನಂತೂ ನಿಮ್ಮನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ, ಅಪ್ಪಾಜಿ.